ಇಂಜಿನ್ ಸರಿಯಾಗಿಯೇ ಇದೆ

ಮಕ್ಕಳ ಆಟಕ್ಕೆಂದು ಮನೆಯ ಆಸ್ತಿಗೆ ಕೈಹಾಕುವ ತಂದೆ ತಾಯಂದಿರು ನನ್ನ ಆಪ್ತಸಲಹೆಯ ಕೋಣೆಗೆ ಹೊಸಬರಲ್ಲ. ಟೆನಿಸ್‌ಗಾಗಿ ಭವಿಷ್ಯನಿಧಿ ತೆಗೆದವರಿದ್ದಾರೆ, ಸ್ಕೇಟಿಂಗ್‌ಗಾಗಿ ಒಡವೆ ಅಡವಿಟ್ಟವರಿದ್ದಾರೆ. ಮಗನ ಕಾರ್ ರೇಸಿಗಾಗಿ ತೆಂಗಿನ ತೋಟ ಮಾರಲು ಹೊರಟವರು ಮಾತ್ರ ಇವರೊಬ್ಬರೇ. ಆಟ ಬೇರೆ, ಕಥೆ ಅದೇ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟೆ. ನಾನು ಎಡವಿದ್ದು ಅಲ್ಲಿಯೇ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿ, ಕುಟುಂಬದ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ದಂಪತಿ ತಿಪಟೂರು ಕಡೆಯವರು, ಅಮೆರಿಕದ ಷಾರ್ಲಟ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ. ಡಿಸೆಂಬರ್ ರಜೆಗೆ ಮೈಸೂರಿಗೆ ಬಂದಿದ್ದರು. ತೋಟದಲ್ಲಿ ತನ್ನ ಪಾಲನ್ನು ಮಾರಲು ಯಜಮಾನರು ತಾಯಿಯ ಸಹಿ ಕೇಳಿದ್ದರು. ಅತ್ತೆ ಸೊಸೆಯನ್ನು ಕೇಳಿದರು, ಸೊಸೆ ನನ್ನನ್ನು ಹುಡುಕಿಕೊಂಡು ಬಂದರು.

ಷಾರ್ಲಟ್ ಎಂದರೆ ಕಾರ್ ರೇಸಿನ ತವರು. ಅಮೆರಿಕದ ಹೆಸರಾಂತ ಕಾರ್ ರೇಸ್ ಕೂಟವಾದ ನಾಸ್ಕಾರ್‌ನ ತಂಡಗಳಲ್ಲಿ ಹೆಚ್ಚಿನವುಗಳ ಕಾರ್ಖಾನೆಗಳು ಆ ಊರಿನ ಸುತ್ತಮುತ್ತಲೇ ಇವೆ. ಅಲ್ಲಿನ ದೊಡ್ಡ ರೇಸ್ ಟ್ರ್ಯಾಕಿನ ಒಡಲೊಳಗೇ ಕಾಲು ಮೈಲಿಯ ಚಿಕ್ಕ ಅಂಡಾಕಾರದ ಟ್ರ್ಯಾಕ್ ಒಂದಿದೆ. ಬೇಸಿಗೆಯ ವಾರದ ಸಂಜೆಗಳಲ್ಲಿ ಅಲ್ಲಿ ಮಕ್ಕಳೂ ರೇಸ್ ಓಡಿಸುತ್ತಾರೆ. ಎಂಟು ವರ್ಷ ತುಂಬಿದವರಿಗೆ ಬ್ಯಾಂಡೊಲೆರೊ ಎಂಬ ಪುಟ್ಟ ಕಾರು. ಉಕ್ಕಿನ ಕೊಳವೆಗಳ ಚೌಕಟ್ಟು, ಬಾಗಿಲಿಲ್ಲ, ಚಾವಣಿಯಿಂದಲೇ ಒಳಗೆ ಇಳಿಯಬೇಕು. ಒಳಗಿರುವ 30 ಅಶ್ವಶಕ್ತಿಯ ಇಂಜಿನ್ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯದು. ಹುಲ್ಲು ಕತ್ತರಿಸುವ ಯಂತ್ರಗಳಿಗೆ ಇಂಜಿನ್ ಮಾಡಿ ಹೆಸರಾದ ಕಂಪನಿ ಎಂದು ತಿಳಿದಾಗ ನನಗೆ ನಗು ಬಂತು, ಯಜಮಾನರಿಗೆ ಬರಲಿಲ್ಲ.

ಅವರ ಬಳಿ ಲೆಕ್ಕದ ಪುಸ್ತಕ ಇತ್ತು. ಹಳೆಯ ಕಾರು ಕೊಂಡದ್ದು 6,500 ಡಾಲರಿಗೆ. ಮೊದಲ ವರ್ಷದ ಒಟ್ಟು ಖರ್ಚು 14,000, ಎರಡನೆಯ ವರ್ಷ 22,000, ಮೂರನೆಯ ವರ್ಷ 27,000. ಇಂಜಿನ್‌ಗೆ ಯಾರೂ ಕೈಹಾಕಬಾರದೆಂದು ತಯಾರಕರೇ ಮೊಹರು ಹಾಕಿರುತ್ತಾರೆ. ಎಲ್ಲರಿಗೂ ಒಂದೇ ಕಾರು, ಒಂದೇ ಇಂಜಿನ್ ಆದರೆ ಖರ್ಚು ಹತೋಟಿಯಲ್ಲಿರುತ್ತದೆ ಎಂಬುದು ಉದ್ದೇಶ. ಆದರೆ ಕಾಸಿದ್ದವರಿಗೆ ದಾರಿಗಳಿಗೇನು ಕಡಿಮೆ? ಹೊಸ ಟೈರು, ಅಭ್ಯಾಸಕ್ಕೆ ಹೆಚ್ಚುವರಿ ದಿನಗಳು, ಕಾರನ್ನು ಸಾಗಿಸಿ ಸಜ್ಜುಗೊಳಿಸಿ ಕೊಡುವ ತಂಡಕ್ಕೆ ಶುಲ್ಕ, ಕಿವಿಯಲ್ಲಿ ರೇಡಿಯೋ ಮೂಲಕ ದಾರಿ ಹೇಳುವವನಿಗೆ ಸಂಬಳ, ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ಕಾರು ಸಜ್ಜುಗೊಳಿಸುವ ಜಾಗಕ್ಕೆ, ಕಾಲಿಡುವ ಪ್ರತಿಯೊಬ್ಬರಿಗೂ ಪಾಸ್. ಮೊಹರು ಹಾಕಿದ ಇಂಜಿನ್‌ಗಳನ್ನೇ ಎರಡು ಮೂರು ಕೊಂಡು, ಅವುಗಳಲ್ಲಿ ಚುರುಕಾದುದನ್ನು ಆರಿಸಿಕೊಳ್ಳುವವರೂ ಇದ್ದಾರಂತೆ. ಇಡೀ ಲೆಕ್ಕದಲ್ಲಿ ಕಾರಿನ ಬೆಲೆಯೇ ಚಿಕ್ಕ ಬಾಬ್ತು.

ತೋಟ ಮಾರುವುದು ಮುಂದಿನ ಮೆಟ್ಟಿಲಿಗೆ: ಲೆಜೆಂಡ್ಸ್ ಕಾರು. ಮೂವತ್ತು, ನಲವತ್ತರ ದಶಕದ ಕಾರುಗಳ ಎಂಟರಲ್ಲಿ ಐದು ಪಾಲಿನಷ್ಟು ಗಾತ್ರದ ಪ್ರತಿರೂಪ, ಮೋಟರ್‌ಸೈಕಲ್ ಇಂಜಿನ್, 1992ರಿಂದ ಓಡುತ್ತಿವೆ. ಜೊತೆಗೆ ತುರ್ತಾಗಿ ಈಗಿನ ಕಾರಿಗೆ ಹೊಸ ಇಂಜಿನ್. ಏಕೆಂದರೆ ಆಗಸ್ಟ್‌ನಿಂದ ಒಂದು ಸುತ್ತು ಮುಗಿಸಲು ಮಗನಿಗೆ ಹೆಚ್ಚು ಸಮಯ ಹಿಡಿಯುತ್ತಿತ್ತು.

ಎರಡು ಭೇಟಿ ಇಷ್ಟರಲ್ಲೇ ಕಳೆಯಿತು. ಗಂಡ ಹೆಂಡತಿ ಹಣದ ಬಗ್ಗೆ ಜಗಳವಾಡಿದರು. ನಾನು ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಆದಾಯ, ಸಾಲ, ಓದಿನ ಖರ್ಚು ಎಂದು ಬರೆಸುತ್ತಿದ್ದೆ. ಹನ್ನೆರಡು ವರ್ಷದ ಹುಡುಗ ಹೊರಗಿನ ಕುರ್ಚಿಯಲ್ಲಿ ಕಾಲಾಡಿಸುತ್ತಾ ಕೂತಿದ್ದ. ನಮ್ಮಲ್ಲಿ ಒಂದು ಮಾತಿದೆಯಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಕಾರು ಓಡಿಸುವವನೇ ನನ್ನ ಹಾಳೆಯಲ್ಲಿ ಇರಲಿಲ್ಲ. ಇದು ಹೊಳೆದದ್ದೂ ನನಗಲ್ಲ. ಚಹಾ ತಂದ ನಮ್ಮ ಸಹಾಯಕಿ "ಆ ಮಗು ಯಾವಾಗ ಒಳಗೆ ಬರುವುದು ಮೇಡಂ?" ಎಂದು ಕೇಳಿದಳು.

ಮೂರನೆಯ ದಿನ ಅವನನ್ನು ಒಬ್ಬನನ್ನೇ ಕರೆದೆ. ಮಕ್ಕಳಿಗೆಂದು ನನ್ನ ಬಳಿ ಚೌಕಾಬಾರದ ಹಾಸು, ಕವಡೆ, ಹುಣಿಸೆಬೀಜ ಇವೆ. ಆಟ ಹೇಳಿಕೊಡಲು ಹೋದೆ, ಅವನಿಗೆ ಬೇಕಿದ್ದದ್ದು ಬೀಜಗಳು ಮಾತ್ರ. ಹಾಳೆಯ ಮೇಲೆ ಪೆನ್ಸಿಲಿನಿಂದ ಟ್ರ್ಯಾಕ್ ಬರೆದು, ಹದಿನಾಲ್ಕು ಬೀಜಗಳನ್ನು ಎರಡೆರಡಾಗಿ ಜೋಡಿಸಿದ. "ನಾನು ಶುರು ಮಾಡಿದಾಗ ಹೀಗೆ." ಆಮೇಲೆ ಒಂದೊಂದಾಗಿ ತೆಗೆಯತೊಡಗಿದ. ಇವನ ಅಪ್ಪನ ಕೆಲಸ ಹೋಯಿತು. ಇವಳು ಫುಟ್‌ಬಾಲ್‌ಗೆ ಹೋದಳು. ಈ ಇಬ್ಬರು ಅಣ್ಣತಮ್ಮಂದಿರು, ಒಂದೇ ಕಾರು ಸಾಕು ಎಂದರಂತೆ, ಆಮೇಲೆ ಅದೂ ಬೇಡವಾಯಿತು. ಇವನು ದೊಡ್ಡ ಕಾರಿಗೆ ಹೋದ. ಇವನು ಈಗ ಮನೆಯಲ್ಲೇ ಕಂಪ್ಯೂಟರಿನಲ್ಲಿ ಓಡಿಸುತ್ತಾನೆ. ತೆಗೆದ ಬೀಜಗಳನ್ನು ಗುಡ್ಡೆ ಹಾಕಲಿಲ್ಲ, ಹಾಳೆಯ ಅಂಚಿನಲ್ಲಿ ಸಾಲಾಗಿ ಇಟ್ಟ. ಟ್ರ್ಯಾಕಿನಲ್ಲಿ ಐದು ಉಳಿದವು.

"ಐದು ಕಾರು, ಮೂರು ಟ್ರೋಫಿ," ಎಂದ. ಒಂದು ಬೀಜವನ್ನು ಬೆರಳಿನಲ್ಲಿ ಒತ್ತಿ ಹಿಡಿದು, "ಇವನು ಯಾವಾಗಲೂ ನಾಲ್ಕನೆಯವನು. ಗೆಲ್ಲದಿದ್ದರೆ ಕಾರು ಮಾರುತ್ತೇನೆ ಎಂದು ಅವನ ಅಪ್ಪ ಹೇಳಿದ್ದಾರೆ. ಅದಕ್ಕೆ ನಾನು ಮೂರನೆಯ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಬೇಗ ಕಾಲು ಎತ್ತುತ್ತೇನೆ."

ಯಾವಾಗಿನಿಂದ ಎಂದು ಕೇಳಿದೆ. ಆಗಸ್ಟ್‌ನಿಂದ.

ನಾವು ಗಲ್ಲಿಯಲ್ಲಿ ಕ್ರಿಕೆಟ್ ಆಡುವಾಗ ಬ್ಯಾಟಿನ ಒಡೆಯ ಔಟಾದರೂ ಔಟಲ್ಲ ಎನ್ನುತ್ತಿದ್ದೆವು. ಅವನು ಬ್ಯಾಟ್ ಎತ್ತಿಕೊಂಡು ಮನೆಗೆ ಹೋದರೆ ಆಟವೇ ನಿಲ್ಲುತ್ತದೆ. ಷಾರ್ಲಟ್‌ನ ಮಗು ತಾನಾಗಿಯೇ ಅದೇ ನ್ಯಾಯಕ್ಕೆ ಬಂದು ತಲುಪಿತ್ತು. ವ್ಯತ್ಯಾಸವೆಂದರೆ ನಮ್ಮ ಬ್ಯಾಟಿಗೆ ಮೂವತ್ತು ರೂಪಾಯಿ. ಇಲ್ಲಿ ಅವನು ಎತ್ತಿದ ಕಾಲಿಗೆ ಅಪ್ಪ ಹೊಸ ಇಂಜಿನ್ ಕೊಳ್ಳುತ್ತಿದ್ದರು.

"ಅಪ್ಪನಿಗೆ ಹೇಳಬೇಡಿ ಆಂಟಿ."

ಇಲ್ಲಿ ನಾನು ಮಾಡಿದ್ದನ್ನು ಕೆಲವು ಸಹೋದ್ಯೋಗಿಗಳು ಒಪ್ಪಿಲ್ಲ. ಮಗು ನಂಬಿ ಹೇಳಿದ ಮಾತು, ಅದು ನನ್ನ ಬಳಿಯೇ ಇರಬೇಕಿತ್ತು ಎನ್ನುತ್ತಾರೆ. ನಾನು ಹೇಳಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. ನೀನು ಹೇಳದಿದ್ದರೆ ಅಜ್ಜಿಯ ತೋಟದ ಒಂದು ತುಂಡು ಇಂಜಿನ್ ಆಗುತ್ತದೆ, ಹೇಳುವುದಾದರೆ ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ. ಹನ್ನೆರಡು ವರ್ಷದವನ ಮೇಲೆ ಭಾರ ಹೊರಿಸಿದೆ ಎಂಬ ಆಕ್ಷೇಪವಿದೆ. ಐದು ತಿಂಗಳಿನಿಂದ ಒಂದು ಇಡೀ ಪಂದ್ಯಾವಳಿಯನ್ನು ಒಬ್ಬನೇ ಹೊತ್ತವನಿಗೆ ನಾನು ಹೊರಿಸಿದ್ದು ಹೆಚ್ಚೇನಲ್ಲ ಎಂದೇ ಈಗಲೂ ನಂಬಿದ್ದೇನೆ.

ಮರುದಿನ ಸಂಜೆ ಮೂವರೂ ಬಂದರು. ಅಪ್ಪ ಕೂರುವ ಮೊದಲೇ ಹುಡುಗ ಹೇಳಿಬಿಟ್ಟ: "ಅಪ್ಪ, ಇಂಜಿನ್ ಸರಿಯಾಗಿಯೇ ಇದೆ."

ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದ. ಅಪ್ಪ ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಮೊದಲು ಕೇಳಿದ್ದು "ಮೂರನೆಯ ತಿರುವಿಗೆ ಎಷ್ಟು ಮೊದಲು?" ಎಂದು. ಹುಡುಗ ಮೇಜಿನ ಮೇಲೆ ಎರಡು ಅಂಗೈ ದೂರವಿಟ್ಟು ತೋರಿಸಿದ. ಅಪ್ಪ ಆ ಅಂತರವನ್ನೇ ನೋಡುತ್ತಾ ಕೂತರು. ಪುಸ್ತಕ ತೆರೆದು ಆಗಸ್ಟ್‌ನ ಪುಟ ಹುಡುಕಿ, ಮತ್ತೆ ಮುಚ್ಚಿದರು. ಹೆಂಡತಿ ಏನೋ ಹೇಳಲು ಹೊರಟಾಗ ನಾನು ಕಣ್ಣಲ್ಲೇ ತಡೆದೆ. ಆಕೆಯ ಬಳಿ ಗೆದ್ದವರ ಮಾತು ಸಿದ್ಧವಿತ್ತು, ಆ ಗಳಿಗೆಗೆ ಅದು ಬೇಡವಾಗಿತ್ತು.

ನಾನು ಕೊಟ್ಟ ಸಲಹೆ ದೊಡ್ಡದಲ್ಲ. ತೋಟದ ಮಾತು ಒಂದು ವರ್ಷ ಎತ್ತಬೇಡಿ. ಇರುವ ಕಾರಿನಲ್ಲೇ, ಇರುವ ಇಂಜಿನ್‌ನಲ್ಲೇ ಮುಂದಿನ ಬೇಸಿಗೆ ಕಳೆಯಿರಿ, ಅದಕ್ಕೆಂದು ಒಂದು ಮೊತ್ತ ಗೊತ್ತು ಮಾಡಿ, ಅದು ಮುಗಿದ ದಿನ ರೇಸೂ ಮುಗಿಯಲಿ. ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ಸಮಯದ ಲೆಕ್ಕ ಕೇಳಬೇಡಿ. ಉಳಿದ ನಾಲ್ವರು ಮಕ್ಕಳನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯಿರಿ. ಹುಡುಗನಿಗೆ ಬೇಕಿದ್ದದ್ದು ಅವರು, ಟ್ರ್ಯಾಕ್ ಅವರು ಸಿಗುವ ಜಾಗ ಅಷ್ಟೇ.

ಯಜಮಾನರು ಜೋಯಿ ಲೊಗಾನೊ ಹೆಸರು ಹೇಳಿದರು. ಆರನೇ ವಯಸ್ಸಿಗೆ ಶುರು ಮಾಡಿದವನು, 2009ರಲ್ಲಿ ಹತ್ತೊಂಬತ್ತಕ್ಕೇ ನಾಸ್ಕಾರ್ ಕಪ್ ರೇಸ್ ಗೆದ್ದವನು. ಈಗ ತಡವಾದರೆ ಕೆಟ್ಟಂತೆ ಎಂಬುದು ಅವರ ವಾದ. ಅದೇ ಷಾರ್ಲಟ್‌ನ ವಿಲಿಯಂ ಬೈರನ್ ಕಂಪ್ಯೂಟರ್ ರೇಸಿನಲ್ಲಿ ಕಲಿತು, ಹದಿನೈದರ ಸುಮಾರಿಗೆ ಮೊದಲ ಬಾರಿ ಲೆಜೆಂಡ್ಸ್ ಕಾರು ಹತ್ತಿ, ನಾಸ್ಕಾರ್‌ನ ಅತಿ ಹೆಸರಾಂತ ರೇಸಾದ ಡೇಟೋನಾ 500 ಅನ್ನು 2024 ಮತ್ತು 2025ರಲ್ಲಿ ಗೆದ್ದದ್ದು ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ಮರುವಾರವೇ ಮನೆಗೆ ಸಿಮ್ಯುಲೇಟರ್ ಬರುತ್ತಿತ್ತು. ಒಬ್ಬ ಗೆದ್ದವನ ಕಥೆಗೆ ಇನ್ನೊಬ್ಬ ಗೆದ್ದವನ ಕಥೆಯನ್ನು ಎದುರಿಡುವ ಆಪ್ತಸಲಹೆ ನನಗೆ ಸೇರುವುದಿಲ್ಲ. ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತು ಮಕ್ಕಳು ಆ ಕಥೆಗಳ ಹೊರಗಿರುತ್ತಾರೆ, ನನ್ನ ಕೋಣೆಗೆ ಬರುವವರು ಅವರೇ. ಪ್ರತಿಭೆಯನ್ನು ಚಿವುಟಿದಿರಿ ಎಂದು ಅವರ ಸಂಬಂಧಿಕರೊಬ್ಬರು ಫೋನಿನಲ್ಲಿ ರೇಗಿದರು. ಚಿವುಟುವಷ್ಟು ಹತ್ತಿರ ಹೋಗಿ ಆ ಪ್ರತಿಭೆಯನ್ನು ಯಾರಾದರೂ ನೋಡಿದ್ದರೆ ಆಗಸ್ಟ್‌ನಲ್ಲೇ ತಿಳಿಯುತ್ತಿತ್ತು.

ಓದುವ ತಂದೆ ತಾಯಂದಿರಿಗೆ ಒಂದು ಮಾತು. ಮಗುವಿನ ಜೊತೆ ಆಡುವವರ ಸಂಖ್ಯೆ ಕಡಿಮೆಯಾಗುತ್ತಿದ್ದರೆ, ಸ್ಕೇಟಿಂಗ್ ಇರಲಿ, ವೀಣೆ ಪಾಠವಿರಲಿ, ಪದಕಗಳು ತಾವಾಗಿಯೇ ಹೆಚ್ಚುತ್ತವೆ. ಆ ಪದಕ ನೋಡಿ ಹಣ ಸುರಿಯುವ ಮೊದಲು ಬಿಟ್ಟುಹೋದವರ ಹೆಸರುಗಳನ್ನು ಮಗುವಿನಿಂದ ಕೇಳಿ. ಪ್ರತಿಯೊಬ್ಬರೂ ಏಕೆ ಹೋದರೆಂದು ಅದಕ್ಕೆ ಗೊತ್ತಿರುತ್ತದೆ.

ತೋಟ ಉಳಿಯಿತು. ಹುಡುಗ ಮಾರ್ಚ್‌ನಿಂದ ಕಾಲು ಎತ್ತದೆ ಓಡಿಸಿದ, ಎರಡು ಸಲ ಗೆದ್ದ. ಮೇ ತಿಂಗಳಲ್ಲಿ ಆ ನಾಲ್ಕನೆಯ ಹುಡುಗನ ಕಾರು ಮಾರಾಟವಾಯಿತು. ಅದರ ಮರುದಿನ ಇವನು ಅಮ್ಮನ ಫೋನಿನಿಂದ ನನಗೆ ಕರೆ ಮಾಡಿದ.

"ನಾನು ಕಾಲು ಎತ್ತುತ್ತಲೇ ಇದ್ದಿದ್ದರೆ ಅವನು ಇರುತ್ತಿದ್ದನಾ?"

ಒಂದೆರಡು ತಿಂಗಳು ಇರುತ್ತಿದ್ದನೇನೋ ಎಂದೆ.

"ಸರಿ ಆಂಟಿ," ಎಂದು ಫೋನನ್ನು ಅಮ್ಮನಿಗೆ ಕೊಟ್ಟ.