ಲ್ಯಾಬ್ರಡಾರೋ ಮುಧೋಳವೋ: 30×40ರ ಮನೆಗೆ ಯಾವ ನಾಯಿ?

ಮೈಸೂರಿನಲ್ಲಿ 30×40 ಸೈಟಿನ ಮನೆ, ನಾಲ್ಕಡಿ ಕಾಂಪೌಂಡು, ಆರು ಮತ್ತು ಹತ್ತು ವರ್ಷದ ಮಕ್ಕಳು, ಹಗಲಲ್ಲಿ ಮಂಡಿನೋವಿನ ಅತ್ತೆ ಒಬ್ಬರೇ, ಪಕ್ಕದ ಮನೆಯಲ್ಲಿ ಕೋಳಿ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ ವಾಕಿಂಗ್ ಮಾಡಿಸಬಲ್ಲೆ, ಲ್ಯಾಬ್ರಡಾರ್ ತರಲೋ ಮುಧೋಳ ತರಲೋ ಎಂದು ಕೇಳಿದ್ದೀರಿ. ಈ ಮನೆಗೆ ನಾನು ಲ್ಯಾಬನ್ನೇ ಹೇಳುತ್ತೇನೆ. ಅದಕ್ಕೆ ಮುಖ್ಯ ಕಾರಣ ಆ ನಾಲ್ಕಡಿ ಗೋಡೆ ಮತ್ತು ಆ ಕೋಳಿಗಳು.

ಎರಡೂ ಓಡುವ ನಾಯಿಗಳೇ, ಓಟದ ಬಗೆ ಮಾತ್ರ ಬೇರೆ. ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಬೇಟೆಗಾರನ ಕೈಗೆ ತಂದುಕೊಡಲೆಂದು ಬೆಳೆಸಿದ ತಳಿ ಲ್ಯಾಬ್. ಎಷ್ಟು ದೂರ ಓಡಿದರೂ ವಾಪಸು ಬರುವುದು ಅದರ ಸ್ವಭಾವ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲ ಎದ್ದಿತೆಂದರೆ ತಾನೇ ತೀರ್ಮಾನಿಸಿ ಬೆನ್ನಟ್ಟಬೇಕು, ಹಿಂದೆ ನಿಂತವನ ಕೂಗಿಗೆ ಕಾಯುತ್ತಾ ಕೂತರೆ ಮೊಲ ಸಿಗುವುದಿಲ್ಲ. ಇವತ್ತು ಅದಕ್ಕೆ ಮೊಲ ಸಿಗದಿದ್ದರೆ ಬೆಕ್ಕು, ಬೆಕ್ಕಿಲ್ಲದಿದ್ದರೆ ಕೋಳಿ. ಎಷ್ಟೇ ತರಬೇತಿ ಕೊಟ್ಟರೂ ಓಟಕ್ಕೆ ಬಿದ್ದ ಮುಧೋಳವನ್ನು ಹೆಸರು ಕೂಗಿ ನಿಲ್ಲಿಸಬಹುದೆಂದು ನಂಬಬೇಡಿ. ಭುಜದ ಹತ್ತಿರವೇ 65ರಿಂದ 72 ಸೆಂ.ಮೀ. ಎತ್ತರ ಇರುವ ನಾಯಿಗೆ ನಾಲ್ಕಡಿ ಗೋಡೆ ಒಂದು ನೆಗೆತ. ಕನಿಷ್ಠ ಆರಡಿ ಬೇಕು, ಅದರ ಪಕ್ಕ ತೊಟ್ಟಿ, ಬೈಕು, ಹೂಕುಂಡ ಏನೂ ಇರಬಾರದು.

2016ರಲ್ಲಿ ಸೇನೆ ಮುಧೋಳ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದ ಮೇಲೆ ಈ ತಳಿಗೆ ಬೇಡಿಕೆ ಏರಿತು. ನಮ್ಮ ಬಾಗಲಕೋಟೆಯ ನಾಯಿ ಎಂಬ ಹೆಮ್ಮೆಯೂ ಸರಿಯೇ. ಆದರೆ ಸೇನೆಯಲ್ಲಿ ನಾಯಿಯ ಬೆನ್ನಿಗೆ ಅದರದೇ ತರಬೇತುದಾರ ಇರುತ್ತಾನೆ. ನಿಮ್ಮ ಮನೆಯಲ್ಲಿ ಹಗಲಿಡೀ ಇರುವವರು ಅತ್ತೆಯವರು.

ಮುಧೋಳದ ಪರವಾಗಿ ಒಂದು ಮಾತು: ಮನೆಯೊಳಗೆ ಅದು ಲ್ಯಾಬ್‌ಗಿಂತ ಶಾಂತ. ಆವರಣವಿರುವ ಮೈದಾನದಲ್ಲಿ ದಿನಕ್ಕೆರಡು ಸಲ ಕೆಲವು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಜೊತೆಗೆ ಒಂದು ವಾಕಿಂಗ್ ಮಾಡಿಸಿದರೆ ಉಳಿದ ಹೊತ್ತು ಮಲಗಿರುತ್ತದೆ. ಕೂದಲು ಕಡಿಮೆ, ವಾಸನೆ ಕಡಿಮೆ, ಸೆಕೆ ತಡೆಯುತ್ತದೆ. ಆದರೆ ಮಲಗಿದ್ದಾಗ ಮಕ್ಕಳು ಮೈಮೇಲೆ ಬೀಳುವುದು, ಅಪ್ಪಿ ಹಿಂಡುವುದು ಅದಕ್ಕೆ ಸೇರದು. ನೆಂಟರು ಬಂದರೆ ದೂರ ನಿಂತು ನೋಡುವ ಜಾತಿ. ಆರು ವರ್ಷದ ಮಗುವಿಗೆ ಆಡಲು ಜೊತೆ ಬೇಕಿದ್ದರೆ ಇದು ನಿರಾಸೆ ಮಾಡಬಹುದು.

ಇನ್ನು ಲ್ಯಾಬ್. ಇದರ ದೊಡ್ಡ ಶತ್ರು ನಿಮ್ಮ ಅಡುಗೆಮನೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಒಂದು ಜೀನು ಸುಮಾರು ನಾಲ್ಕರಲ್ಲೊಂದು ಲ್ಯಾಬ್‌ನಲ್ಲಿ ತುಂಡಾಗಿರುತ್ತದೆ ಎಂದು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಹಾಗಾಗಿ ಅದು ಬೇಡುತ್ತಿದೆ ಎಂದರೆ ಹಸಿದಿದೆ ಎಂದೇ ಅರ್ಥವಲ್ಲ. ಸಂತಾನಹರಣ ಮಾಡಿಸಿದ, 30 ಕೆ.ಜಿ. ತೂಗುವ ಬೆಳೆದ ಲ್ಯಾಬಿಗೆ ದಿನಕ್ಕೆ ಸುಮಾರು 1,250 ಕ್ಯಾಲರಿ ಸಾಕು. 100 ಗ್ರಾಂಗೆ 360 ಕ್ಯಾಲರಿ ಇರುವ ಒಣ ಆಹಾರವಾದರೆ 350 ಗ್ರಾಂ, ಅದೂ ಎರಡು ಹೊತ್ತಿಗೆ ಹಂಚಿ. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 5 ಗ್ರಾಂ ತೂಗುವ ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20ಕ್ಕೂ ಹೆಚ್ಚು ಕ್ಯಾಲರಿ ಇರುತ್ತದೆ. ಅಜ್ಜಿ ಎರಡು, ಮಕ್ಕಳು ಎರಡೆರಡು ಹಾಕಿದರೆ ದಿನದ ಊಟದ ಹತ್ತನೇ ಒಂದು ಪಾಲು ಅಲ್ಲೇ ಮುಗಿಯಿತು. ಬೆಳಿಗ್ಗೆಯೇ ಆ ದಿನದ ಆಹಾರವನ್ನೆಲ್ಲ ಒಂದು ಡಬ್ಬಿಗೆ ತೂಗಿ ಹಾಕಿಡಿ, ಯಾರು ಮುದ್ದಿಗೆ ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಲಿ. ಪಕ್ಕೆಯ ಮೇಲೆ ಅಂಗೈ ಆಡಿಸಿದರೆ, ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಊಟ ಹತ್ತು ಶೇಕಡಾ ಇಳಿಸಿ.

ತೂಕಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಸೊಂಟದ ಕೀಲು. ಈ ತಳಿಯಲ್ಲಿ ಕೀಲು ಸಡಿಲವಾಗಿ ಬೆಳೆಯುವ ತೊಂದರೆ ವಂಶದಿಂದ ಬರುತ್ತದೆ, ಬೊಜ್ಜು ಮತ್ತು ಜಾರುವ ನೆಲ ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ. ನಿಮ್ಮ ಮನೆಯಲ್ಲಿ ವಿಟ್ರಿಫೈಡ್ ಟೈಲ್ಸ್ ಇದ್ದರೆ ಮರಿ ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಒಂದೂವರೆ ವರ್ಷ ತುಂಬುವ ತನಕ ಬೈಕಿನ ಪಕ್ಕ ಓಡಿಸುವುದು, ತಾರಸಿ ಮೆಟ್ಟಿಲು ಹತ್ತಿಸಿ ಇಳಿಸಿ ಸುಸ್ತು ಮಾಡಿಸುವುದು ಬೇಡ. ಎರಡು ವರ್ಷದವರೆಗೆ ಅದು ಕಚ್ಚದ ಚಪ್ಪಲಿ ಇರುವುದಿಲ್ಲ. ಚಪ್ಪಲಿ ಹೋದರೆ ಹೋಯಿತು. ಕಾಲುಚೀಲ ನುಂಗಿದರೆ ಕರುಳು ಕಟ್ಟಿ ಆಪರೇಷನ್ನಿಗೆ ಬರುತ್ತದೆ, ಮಕ್ಕಳ ಶಾಲೆಯ ಸಾಕ್ಸ್ ನೆಲದಲ್ಲಿ ಬಿಡಬೇಡಿ.

ಏಪ್ರಿಲ್, ಮೇನಲ್ಲಿ ಬೆಳಗಿನ ವಾಕಿಂಗ್ ಏಳರೊಳಗೆ ಮುಗಿಯಲಿ. ಸಂಜೆ ಹೊರಡುವ ಮುನ್ನ ಅಂಗೈಯ ಹಿಂಬದಿಯನ್ನು ರಸ್ತೆಗೆ ಇಟ್ಟು ಏಳು ಎಣಿಸಿ, ಕೈ ತೆಗೆಯಬೇಕೆನಿಸಿದರೆ ನಾಯಿಯ ಪಾದವೂ ಸುಡುತ್ತದೆ. ಸೆಕೆಗೆಂದು ಮೈ ಕೂದಲು ಬೋಳಿಸಬೇಡಿ, ಬಿಸಿಲಿನಿಂದ ಚರ್ಮವನ್ನು ಕಾಪಾಡುವುದು ಆ ಕೂದಲೇ. ವಾರಕ್ಕೆ ಮೂರು ಸಲ ಬಾಚಿ ಸತ್ತ ಕೂದಲು ತೆಗೆದರೆ ಸಾಕು. ಬಾಚುವಾಗಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯೇ ನೋಡಿ. ಉಣುಗಿನಿಂದ ಬರುವ ಜ್ವರ ನಮ್ಮ ಕಡೆ ಎರಡೂ ತಳಿಯನ್ನು ಬಿಡುವುದಿಲ್ಲ.

ಚೈನು ಮಾತ್ರ ಅತ್ತೆಯವರ ಕೈಗೆ ಕೊಡಬೇಡಿ. ಒಂದು ವರ್ಷದ ಲ್ಯಾಬ್ ಬೀದಿನಾಯಿ ಕಂಡು ಒಮ್ಮೆ ಜಗ್ಗಿದರೆ ಗಟ್ಟಿಮುಟ್ಟಾದವರೇ ತತ್ತರಿಸುತ್ತಾರೆ.

ಇಷ್ಟಾದರೂ ಮುಧೋಳವೇ ಬೇಕೆಂದರೆ, ಗೋಡೆ ಎತ್ತರಿಸಿದ ಮೇಲೆ ತನ್ನಿ. ಅದರ ತಲೆ ಕುತ್ತಿಗೆಗಿಂತ ಸಪೂರ. ಮಾಮೂಲಿ ಬೆಲ್ಟು ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಂಡು ಓಡುತ್ತದೆ. ಮಾರ್ಟಿಂಗೇಲ್ ಕಾಲರ್ ಕೇಳಿ: ಅಗಲದ ಪಟ್ಟಿಯ ಎರಡು ಬಳೆಗಳನ್ನು ಚಿಕ್ಕ ಕುಣಿಕೆಯೊಂದು ಸೇರಿಸಿರುತ್ತದೆ, ಎಳೆದಾಗ ಬಿಗಿಯುತ್ತದೆ. ಪೂರ್ತಿ ಎಳೆದಾಗಲೂ ಆ ಎರಡು ಬಳೆಗಳ ನಡುವೆ ಎರಡು ಬೆರಳಿನ ಅಂತರ ಉಳಿಯುವಂತೆ ಹೊಂದಿಸಬೇಕು. ಬಳೆಗಳು ತಾಗಿದರೆ ಸಡಿಲವಾಯಿತೆಂದು ಲೆಕ್ಕ. ಮೈಯಲ್ಲಿ ಕೊಬ್ಬಿಲ್ಲದ ಕಾರಣ ಬರೀ ನೆಲದಲ್ಲಿ ಮಲಗಿದರೆ ಮೊಣಕೈ ಕಾಯಿಗಟ್ಟುತ್ತದೆ, ದಪ್ಪ ಹಾಸಿಗೆ ಬೇಕು. ಆಪರೇಷನ್ ಇದ್ದರೆ ಇದು ಗ್ರೇಹೌಂಡ್ ಬಗೆಯ ನಾಯಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಥಯೋಪೆಂಟೋನ್ ಜಾತಿಯ ಅರಿವಳಿಕೆ ಕೊಟ್ಟರೆ ಇಂಥ ನಾಯಿಗಳು ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ.

ಮರಿ ಕೊಳ್ಳುವಾಗ: ಮುಧೋಳವಾದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಲ್ಯಾಬ್ ಆದರೆ ಅಪ್ಪ ಅಮ್ಮ ಎರಡರ ಸೊಂಟದ ಎಕ್ಸ್‌ರೇ ಕೇಳಿ. ತೋರಿಸುವವರು ಕಡಿಮೆ, ಅದಕ್ಕೇ ತಾಯಿಯನ್ನಾದರೂ ನಿಮ್ಮೆದುರು ನಡೆಸಲು ಹೇಳಿ. ಹಿಂಗಾಲು ಹತ್ತಿರ ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸಿದರೆ ಆ ಮರಿ ಬೇಡ. ಎಂಟು ವಾರ ತುಂಬದ ಮರಿ ಮಾರುವುದನ್ನು ನಾಯಿ ಸಾಕಣೆ ಮತ್ತು ಮಾರಾಟದ ಬಗೆಗಿನ ಕೇಂದ್ರ ಸರ್ಕಾರದ 2017ರ ನಿಯಮ ನಿಷೇಧಿಸಿದೆ. ಐದು ವಾರದ ಮರಿಯನ್ನು ಕೈಗಿಟ್ಟು, ಬೇಗ ಹೊಂದಿಕೊಳ್ಳುತ್ತೆ ತಗೊಳ್ಳಿ ಎನ್ನುವವರ ಹತ್ತಿರ ಬೇರೆ ಪ್ರಶ್ನೆ ಕೇಳುವ ಅಗತ್ಯವೂ ಇಲ್ಲ.