ಪ್ರತಿಕ್ರಿಯೆ: ಬಚ್ಚಲೊಲೆ ತೆಗೆದು ಗ್ಯಾಸ್ ಗೀಸರ್ ಹಾಕಬಹುದೇ?

ಬದಿಯಡ್ಕದ ಹಳೇ ಮನೆಯ ಹಂಡೆ ಒಲೆಗೆ ಎಷ್ಟು ಸೌದೆ ಹಾಕಿದರೂ ಸಾಲದು, ತೆಗೆದು ಗ್ಯಾಸ್ ಗೀಸರ್ ಹಾಕಲೇ ಎಂದು ಕೇಳಿದ್ದೀರಿ. ತೋಟ ಇದೆಯಲ್ಲ, ಒಲೆಯನ್ನೇ ಸರಿಮಾಡಿಸಿ ಮಾರಾಯ್ರೇ.

40 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸುವಷ್ಟು ಶಾಖ ಕಾಲು ಕಿಲೋ ಒಣ ಸೌದೆಯಲ್ಲೇ ಇದೆ. ನೀವು ಉರಿಸುವ ಉಳಿದದ್ದೆಲ್ಲ ಒಲೆಬಾಯಿಂದ, ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಹಾಗಾಗಿ ಮೇಸ್ತ್ರಿಗೆ ಹೇಳಿ ಬೆಂಕಿಯಡಿಗೆ ಕಬ್ಬಿಣದ ಜಾಲಿ ಇಡಿಸಿ, ಗಾಳಿ ಕೆಳಗಿನಿಂದ ಬರಲಿ. ಹಂಡೆಗೂ ಗೋಡೆಗೂ ನಡುವೆ ಸಣ್ಣ ಸಂದು ಮಾತ್ರ ಬಿಡಿ. ಬಿಸಿಗಾಳಿ ಹಂಡೆಯ ಮೈ ಸವರಿಕೊಂಡೇ ಹೊಗೆಗೂಡಿಗೆ ಹೋಗಬೇಕು. ಮುಖ್ಯ ಕೆಲಸ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ, ಸೌದೆ ಉಳಿಸುವ ‘ಅಸ್ತ್ರ’ ಒಲೆಯಲ್ಲೂ ಇಂಥದ್ದೇ ಲೆಕ್ಕಾಚಾರ. ಒಲೆಬಾಯಿಗೊಂದು ಮುಚ್ಚಳವೂ ಇರಲಿ.

ಕೊತ್ತಳಿಗೆ, ಅಡಿಕೆ ಸಿಪ್ಪೆ, ಗೆರಟೆ ಮಳೆಗಾಲಕ್ಕೆ ಮೊದಲೇ ಒಣಗಿಸಿ ಒಳಗಿಡಿ. ಒದ್ದೆ ಸೌದೆಯ ಶಾಖ ಅದರ ನೀರು ಆರಿಸುವುದಕ್ಕೇ ಹೋಗುತ್ತದೆ.

ಆದರೂ ಗ್ಯಾಸೇ ಬೇಕೆಂದಾದರೆ ಗೀಸರನ್ನು ಬಚ್ಚಲಿನ ಗೋಡೆಯ ಹೊರಬದಿಗೆ ಹಾಕಿಸಿ. ಮುಚ್ಚಿದ ಬಚ್ಚಲಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ ಎಂದಿದ್ದೀರಿ, ಇದರಲ್ಲಿ ಮಾತ್ರ ರಾಜಿ ಬೇಡ.