ಕೊರತೆ ಹುಡುಕಿ, ಮನೆಯವರ ಎದುರು ಆಡಬೇಡಿ

ನನ್ನ ಬಳಿ ಆಪ್ತಸಲಹೆಗೆ ಬಂದ ಒಂದು ದಂಪತಿಯ ಕತೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಇಬ್ಬರೂ ದುಡಿಯುವವರು. ಮನೆ ಕೊಳ್ಳುವ ವಿಚಾರಕ್ಕೆ ಶುರುವಾದ ಜಗಳ ಮಾತು ಬಿಡುವ ಮಟ್ಟಕ್ಕೆ ಬಂದಿತ್ತು. ಹೆಂಡತಿ ಕೂತ ಕೂಡಲೇ, "ಇವರ ಬಾಯಿಂದ ಒಳ್ಳೆ ಮನೆ ಕೈತಪ್ಪಿತು ಮೇಡಂ" ಎಂದರು. ಗಂಡ ಬಿಡಲಿಲ್ಲ. "ನೀನು ಹೋದ ಕಡೆಯೆಲ್ಲ ಕುಣಿದಾಡಿದ್ರೆ ಅವರು ರೇಟು ಇಳಿಸ್ತಾರಾ?"

ಮಾರುತ್ತಿದ್ದವರು ವಯಸ್ಸಾದ ಹೆಂಗಸು. ಇನ್ನೂ ಅದೇ ಮನೆಯಲ್ಲಿ ಇದ್ದರು. ಒಳಗೆ ಕಾಲಿಟ್ಟಿದ್ದೇ ಗಂಡ ಕೊರತೆ ಎಣಿಸತೊಡಗಿದರು. ಬೆರಳ ಗೆಣ್ಣಿನಿಂದ ನೆಲದ ಟೈಲ್ಸ್ ತಟ್ಟಿ, "ಪೊಳ್ಳು ಸದ್ದು, ಎಲ್ಲಾ ಕಿತ್ತು ಹಾಕಬೇಕು" ಎಂದರು. ಅಡುಗೆಮನೆ ನೋಡಿ, "ಇದು ಹಳೇ ಕಾಲದ್ದು" ಎಂದರು. ಮಲಗುವ ಕೋಣೆಗೆ ಹೋಗಿ, ಕೇಳದೆ ಬೀರು ತೆರೆದರು. ಮಡಿಸಿಟ್ಟ ಬಟ್ಟೆ ಎರಡು ಜಾರಿ ಕೆಳಗೆ ಬಿತ್ತು. ಆ ಹೆಂಗಸು ಬಗ್ಗಿ ಬಟ್ಟೆ ಎತ್ತಿಟ್ಟು ಬಾಗಿಲು ಮುಚ್ಚಿದರು. ಏನೂ ಹೇಳಲಿಲ್ಲ. ಅತ್ತ ಹೆಂಡತಿ ಕಿಟಕಿ ಪಕ್ಕ ನಿಂತು, "ಇಲ್ಲಿ ನನ್ನ ಮೇಜು" ಎಂದು ಜಾಗ ಗುರುತು ಮಾಡುತ್ತಿದ್ದರು. ಮರುದಿನ ಇವರು ಬೆಲೆ ಹೇಳುವ ಮೊದಲೇ ಬ್ರೋಕರ್ ಫೋನ್ ಮಾಡಿದ. "ಅವರಿಗೆ ನಿಮಗೆ ಕೊಡೋಕೆ ಇಷ್ಟ ಇಲ್ವಂತೆ."

ಗಂಡನ ಲೆಕ್ಕ ಸರಳವಾಗಿತ್ತು: ಹೀಗಳೆದರೆ ಬೆಲೆ ಇಳಿಯುತ್ತದೆ. ತುಂಬಾ ಜನ ಹೀಗೇ ನಂಬಿದ್ದಾರೆ. ನಾನು ಅವರಿಗೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ್ದು. ಕೆಲವರಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಈಗಷ್ಟೇ ಕೈಗೆ ಬಂದ ಮಗ್ಗೇ ಇಷ್ಟು ಪ್ರೀತಿಯಾದರೆ, ಬಾಳಿ ಬದುಕಿದ ಮನೆ? ಅದನ್ನು ಹೀಗಳೆದಾಗ ಅವರ ಕಿವಿಗೆ ಬೀಳುವುದು ಚೌಕಾಸಿ ಅಲ್ಲ, ತಮ್ಮ ಬದುಕಿನ ಮೇಲಿನ ಟೀಕೆ.

ಗಂಡ ಕೆಟ್ಟವರೇನಲ್ಲ. ಮಾತಾಡುತ್ತಾ ಹೋದಂತೆ ಗೊತ್ತಾಯಿತು, ಅವರ ತಂದೆ ಆತುರದಲ್ಲಿ ಮನೆ ಕೊಂಡು ವರ್ಷಗಟ್ಟಲೆ ಸೋರುವ ಮಾಡಿಗೆ ದುಡ್ಡು ಸುರಿದಿದ್ದರು. ಹೆಂಡತಿ ಬಾಡಿಗೆ ಮನೆಗಳನ್ನು ಬದಲಿಸುತ್ತಲೇ ಬೆಳೆದವರು. ಒಬ್ಬರಿಗೆ ಮೋಸ ಹೋಗುವ ಭಯ, ಇನ್ನೊಬ್ಬರಿಗೆ ಈ ಮನೆಯೂ ತಪ್ಪಿಬಿಟ್ಟರೆ ಎಂಬ ಭಯ. ಎರಡೂ ಬೇರೆಯವರ ಮನೆಯ ನಡುವೆ ನಿಂತು ಜಗಳ ಆಡಿದ್ದವು.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ ಮಾಡಿ ಎಂದೆ. ಯಾವುದಿಲ್ಲದಿದ್ದರೆ ಬೇಡವೇ ಬೇಡ ಎನ್ನುವುದನ್ನು ಇಬ್ಬರೂ ಬೇರೆ ಬೇರೆ ಬರೆದು, ಆಮೇಲೆ ಕೂತು ಹೋಲಿಸಿ. ನೋಡಲು ಹೋದಾಗ ತೀರ್ಪು ಕೊಡಬೇಡಿ, ಪ್ರಶ್ನೆ ಕೇಳಿ. "ಈ ಗೋಡೆ ತೇವ ಹಿಡಿದಿದೆ" ಎನ್ನುವ ಬದಲು "ಮಳೆ ಬಂದಾಗ ಈ ಗೋಡೆ ಹೇಗಿರುತ್ತೆ?" ಅನ್ನಿ. ಮಾಹಿತಿ ಜಾಸ್ತಿ ಸಿಗುವುದು ಎರಡನೆಯದರಿಂದಲೇ. ನಲ್ಲಿ ಬಿಟ್ಟು ನೋಡಿ, ಸಿಂಕಿನ ಕೆಳಗೆ ಬಗ್ಗಿ ನೋಡಿ, ಕಿಟಕಿ ಸಲೀಸಾಗಿ ಮುಚ್ಚುತ್ತದಾ ನೋಡಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, "ನೋಡಬಹುದಾ?" ಎಂದು ಕೇಳಿದ್ದರೆ ಸಾಕು. ಗೋಡೆಗೆ ಕೂರಿಸಿದ ಕಪಾಟು ಮನೆಯ ಜೊತೆ ಬರುವುದರಿಂದ ಅದನ್ನೂ ಕೇಳಿಯೇ ತೆರೆಯಬಹುದು. ಬೀರು ಅವರ ಸ್ವಂತದ್ದು, ಅದರ ತಂಟೆಗೆ ಹೋಗಬಾರದು. ಫೋಟೋ ತೆಗೆಯುವುದಿದ್ದರೂ ಕೇಳಿಯೇ ತೆಗೆಯಿರಿ. ಬಳಗವನ್ನೆಲ್ಲ ಕರೆದುಕೊಂಡು ಹೋಗಬೇಡಿ.

ಹೆಂಡತಿಗೂ ಒಂದು ಮಾತು ಹೇಳಬೇಕಾಯಿತು. "ಮನೆ ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದರೆ ನಷ್ಟವಿಲ್ಲ. "ನಮಗೆ ಇದೇ ಬೇಕು" ಎಂದರೆ ಚೌಕಾಸಿ ಅಲ್ಲಿಗೇ ಮುಗಿದಂತೆ. ಗಂಡ ಹೆಂಡತಿಯ ಚರ್ಚೆ ರಸ್ತೆಗೆ ಬಂದ ಮೇಲೆ ಇರಲಿ. ಮಾತನ್ನೂ ದಾಖಲಿಸುವ ಕ್ಯಾಮೆರಾಗಳು ಈಗ ಬಾಗಿಲಲ್ಲೇ ಇರುತ್ತವೆ, ಅಲ್ವಾ?

ಹಾಗಾದರೆ ಕೊರತೆ ಹೇಳಲೇಬಾರದಾ ಎಂದು ಗಂಡ ಕೇಳಿದರು. ಖಂಡಿತ ಹೇಳಬೇಕು. ಆದರೆ ಮನೆ ಇಷ್ಟವಾಗಿದೆ ಎಂದು ತೀರ್ಮಾನಿಸಿದ ಮೇಲೆ ಎರಡನೇ ಸಲ ತಿಳಿದವರೊಬ್ಬರನ್ನು ಕರೆದೊಯ್ದು ತೋರಿಸಿ, ರಿಪೇರಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡು, ಬೆಲೆಯ ಮಾತಿಗೆ ಕೂತಾಗ ಮುಂದಿಡಬೇಕು. ಆಗ ಅದು ಬರೀ ಲೆಕ್ಕ, ಯಾರ ಮನಸ್ಸಿಗೂ ನಾಟುವುದಿಲ್ಲ. ಮನೆ ಬೇಡ ಅನ್ನಿಸಿದರೂ ಬೇಗ ತಿಳಿಸಿಬಿಡಿ. ಸುಮ್ನೆ ಆಸೆ ಹುಟ್ಟಿಸಿ ಫೋನ್ ಎತ್ತದೇ ಇರುವುದು ನನ್ನ ಪ್ರಕಾರ ಬೀರು ತೆರೆಯುವುದಕ್ಕಿಂತ ದೊಡ್ಡ ಅನಾಗರಿಕತೆ.

ಆ ಹೆಂಗಸಿಗೆ ಕ್ಷಮೆ ಕೇಳಿದರೆ ಮನೆ ಸಿಗಬಹುದಾ ಎಂದೂ ಕೇಳಿದರು. ಮನೆಗೋಸ್ಕರ ಆದರೆ ಬೇಡ, ತಪ್ಪೆನಿಸಿದ್ದರೆ ಕೇಳಿ ಎಂದೆ. ಬ್ರೋಕರ್ ಮೂಲಕ ಎರಡು ಸಾಲು ಕಳಿಸಿದರು. ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. "ಪರವಾಗಿಲ್ಲ, ಒಳ್ಳೇದಾಗ್ಲಿ" ಎಂಬ ಉತ್ತರ ಬಂತಂತೆ.

ಆಮೇಲೆ ನೋಡಿದ ಮನೆಯಲ್ಲಿ ಗಂಡ ಬರೀ ಪ್ರಶ್ನೆ ಕೇಳಿದ್ದಾರೆ. ಮಾಲೀಕರೇ ತಾರಸಿಗೆ ಕರೆದೊಯ್ದು ಸೋರಿದ ಜಾಗ ತೋರಿಸಿದರಂತೆ. ಹೆಂಡತಿ ಮೇಜಿನ ಜಾಗ ಮನಸ್ಸಲ್ಲೇ ನೋಡಿಕೊಂಡು ಬಂದಿದ್ದಾರೆ. ಎಷ್ಟು ಸಾಲ ಮಾಡಬೇಕು ಎನ್ನುವುದರಲ್ಲಿ ಮಾತ್ರ ಇನ್ನೂ ಇಬ್ಬರಿಗೂ ಹೊಂದಿಲ್ಲ. ಮುಂದಿನ ಭೇಟಿ ಅದಕ್ಕೇ ಇಟ್ಟುಕೊಂಡಿದ್ದೇವೆ.